ಮೆತ್ತಿನ ಮೇಲಿನ ಪಾಚಿ, ಗಜನಿಯ ಪಾಚಿ

ಘಟ್ಟದ ಮೇಲಿನ ಊರುಗಳಲ್ಲಿ ಪಾಚಿ ಬೆಳೆಸುತ್ತೇನೆ ಎಂದು ಯಾರಾದರೂ ಹೊರಟರೆ ಜನ ನಗದೆ ಬಿಡುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆಗಾಲವೆಂದರೆ ಪಾಚಿಯ ಜೊತೆ ನಾಲ್ಕು ತಿಂಗಳ ಜಗಳ. ಮಳೆ ಹಿಡಿಯುವುದರೊಳಗೆ ಗೋಡೆಗೆ ಸೋಗೆಯ ಜಡಿ ಕಟ್ಟಬೇಕು, ಅಂಗಳಕ್ಕೆ ಅಡಿಕೆ ದಬ್ಬೆ ಹಾಸಬೇಕು, ಬಚ್ಚಲಿನ ಮೆಟ್ಟಿಲಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಬೇಕು. ಇಷ್ಟೆಲ್ಲ ಮಾಡಿದರೂ ಮನೆಗೊಬ್ಬರು ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಕೂರುವುದು ತಪ್ಪುವುದಿಲ್ಲ. ಅಂಥ ಕಡೆ, ಸಿದ್ದಾಪುರ ತಾಲ್ಲೂಕಿನ ಕೋಲಸಿರ್ಸಿಯ ಬಳಿಯ ಅಕ್ಕನ ಮನೆಯಲ್ಲಿ, ಸೋದರಳಿಯ ದುಡ್ಡು ಕೊಟ್ಟು ಪಾಚಿಯ ಬೀಜ ತರಿಸಿದ್ದಾನೆ ಎಂಬ ಸುದ್ದಿ ಬಂತು. ನವರಾತ್ರಿ ಮುಗಿದದ್ದೇ ಹೊರಟೆ.

ಶಿರಸಿಯಿಂದ ಕಾನಸೂರಿನ ಮೇಲೆ ಸಿದ್ದಾಪುರಕ್ಕೆ ಹೋಗುವ ದಾರಿ ಆ ಹೊತ್ತಿಗೆ ತೊಳೆದಿಟ್ಟ ಹಾಗಿರುತ್ತದೆ. ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚಿರುತ್ತದೆ, ತೋಟದಲ್ಲಿ ಕೊನೆ ಕೊಯ್ಲಿಗೆ ಇನ್ನೂ ತಿಂಗಳಿರುತ್ತದೆ. ಮನೆಗಳ ಚಿರೆಕಲ್ಲಿನ ಕಾಂಪೌಂಡುಗಳಲ್ಲಿ ಬುಡದಿಂದ ಮೊಳಕಾಲೆತ್ತರದವರೆಗೆ ಹಸಿರು, ಅದರ ಮೇಲೆ ಅರಿಸಿನ-ಕುಂಕುಮ ಬೆರೆಸಿ ಬಳಿದಂಥ ಕಿತ್ತಳೆ ಬಣ್ಣ. ಆ ಕಿತ್ತಳೆಯೂ ಪಾಚಿಯೇ. ಟ್ರೆಂಟಿಪೋಲಿಯಾ ಎನ್ನುವ ಈ ಜೀವಿ ಹಸಿರು ಪಾಚಿಗಳ ಕುಲಕ್ಕೆ ಸೇರಿದ್ದು. ಮೈತುಂಬ ಕ್ಯಾರೊಟಿನ್ ತುಂಬಿಕೊಂಡು ತನ್ನ ಹಸಿರನ್ನು ಮುಚ್ಚಿಕೊಂಡಿರುತ್ತದೆ. 2001ರ ಮಳೆಗಾಲದಲ್ಲಿ ಕೇರಳದಲ್ಲಿ ಕೆಂಪು ಮಳೆ ಸುರಿದು, ಆಕಾಶದಿಂದ ಬೇರೆ ಲೋಕದ ಜೀವಕಣಗಳೇ ಬಿದ್ದಿವೆ ಎಂಬವರೆಗೆ ಮಾತು ಹೋಗಿತ್ತು. ಪರೀಕ್ಷಿಸಿದ ವಿಜ್ಞಾನಿಗಳು ಕಂಡದ್ದು ಇದೇ ಟ್ರೆಂಟಿಪೋಲಿಯಾದ ಬೀಜಕಣಗಳನ್ನು. ನಮ್ಮ ಕಾಂಪೌಂಡಿನ ಗಿರಾಕಿ ಅಷ್ಟರ ಮಟ್ಟಿಗೆ ಹೆಸರು ಮಾಡಿತ್ತು.

ಜಗುಲಿ ಹತ್ತುತ್ತಿದ್ದಂತೆ ಅಕ್ಕ ಕೇಳಿದಳು, "ತಮಾ, ಆಸ್ರಿಗೆ ಎಂತ ಮಾಡವು? ಪಾಚಿ ನೀರು ಬ್ಯಾಡ ಹೇಳಾದ್ರೆ ಮುರುಗಲು ಪಾನ್ಕ ಇದ್ದು." ಈ ಮನೆಯಲ್ಲಿ ಪಾಚಿಯ ಬಗ್ಗೆ ಯಾರ ನಿಲುವು ಏನು ಎನ್ನುವುದು ಅಲ್ಲಿಗೇ ಗೊತ್ತಾಯಿತು.

ಅಳಿಯ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುವವನು. ಅಡಿಕೆ ಮೂಟೆ ಪೇರಿಸುವ ಮೆತ್ತಿನ, ಅಂದರೆ ಮಹಡಿಯ, ಒಂದು ಮೂಲೆಯನ್ನು ಆಫೀಸು ಮಾಡಿಕೊಂಡಿದ್ದಾನೆ, ಇನ್ನೊಂದು ಮೂಲೆ ಪಾಚಿಗೆ. ಕುಡಿಯುವ ನೀರಿನ 20 ಲೀಟರಿನ ಕ್ಯಾನುಗಳ ಸಾಲು, ಅವುಗಳ ಬೆನ್ನಿಗೆ ಎಲ್ಇಡಿ ಟ್ಯೂಬು, ಪ್ರತಿ ಕ್ಯಾನಿನೊಳಕ್ಕೂ ಮೀನಿನ ತೊಟ್ಟಿಗೆ ಬಳಸುವ ಗಾಳಿ ಪಂಪಿನ ಸಣ್ಣ ನಳಿಗೆ. ಬುಳುಬುಳು ಸದ್ದಿನ ನಡುವೆ ಕ್ಯಾನುಗಳು ತಿಳಿಹಸಿರಿನಿಂದ ಕಡುಹಸಿರಿನವರೆಗೆ ವಯಸ್ಸಿನ ಪ್ರಕಾರ ನಿಂತಿದ್ದವು. ಬಯೋರಿಯಾಕ್ಟರ್ ಎಂಬ ದೊಡ್ಡ ಹೆಸರಿಗೆ ಬೇಕಾದ್ದೆಲ್ಲ ಇಷ್ಟೇ: ಬೆಳಕು ಹಾಯುವ ಪಾತ್ರೆ, ಉಪ್ಪು-ಗೊಬ್ಬರ ಕರಗಿಸಿದ ನೀರು, ಗಾಳಿ, ಮತ್ತೆ ಯಾವ ಕಣವೂ ತಳದಲ್ಲೇ ಕೂರದಂತೆ ಕಲಕುತ್ತಿರುವ ಒಂದು ವ್ಯವಸ್ಥೆ.

ಬೆಳೆ ಸ್ಪಿರುಲಿನಾ. ಪಾಚಿ ಎಂದು ಕರೆದರೂ ವಿಜ್ಞಾನದ ಲೆಕ್ಕದಲ್ಲಿ ಅದು ಸಯನೋಬ್ಯಾಕ್ಟೀರಿಯಾ. ನೀರಿಗೆ ಹಾಕುವುದರಲ್ಲಿ ಮುಖ್ಯವಾದದ್ದು ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟು. ಜರೂಕ್ ಎಂಬ ವಿಜ್ಞಾನಿ 1966ರಲ್ಲಿ ಬರೆದಿಟ್ಟ ಪಾಕ ಇವತ್ತಿಗೂ ಮೂಲ: ಲೀಟರಿಗೆ 16.8 ಗ್ರಾಂ ಸೋಡಾ, 2.5 ಗ್ರಾಂ ಸೋಡಿಯಂ ನೈಟ್ರೇಟು, ಉಳಿದ ಲವಣಗಳು ಚಿಟಿಕೆ ಚಿಟಿಕೆ. ನೀರಿನ ಪಿಎಚ್ 10ರ ಆಸುಪಾಸಿಗೆ ಏರುತ್ತದೆ. ಅಂಥ ಕ್ಷಾರದಲ್ಲಿ ಬೇರೆ ಜೀವಿಗಳು ಬಾಳುವುದು ಕಷ್ಟ, ಸ್ಪಿರುಲಿನಾಕ್ಕೆ ಅದೇ ತವರು. ಆಫ್ರಿಕಾದ ಚಾಡ್ ಸರೋವರದ ಸುತ್ತಿನ ಕನೆಂಬು ಹೆಂಗಸರು ಇಂಥ ಕ್ಷಾರದ ನೀರಿನ ಹೊಂಡಗಳಿಂದ ಇದನ್ನು ಸೋಸಿ, ಮರಳ ಮೇಲೆ ಒಣಗಿಸಿ, 'ದಿಹೆ' ಎಂಬ ಹಪ್ಪಳದಂಥ ಹಲ್ಲೆ ಮಾಡಿ ಸಾರಿಗೆ ಹಾಕುತ್ತಾರೆ. ನಮಗೆ ಹತ್ತಿರದ ತವರೆಂದರೆ ಮಹಾರಾಷ್ಟ್ರದ ಲೋಣಾರ್ ಸರೋವರ.

ಅಳಿಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪಿಗೆ ಸೇರಿಸಿ ಕಿಟಕಿಯತ್ತ ಹಿಡಿದುಕೊಟ್ಟ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಂಡದ್ದು ಹಸಿರು ಸ್ಪ್ರಿಂಗುಗಳು: ಐದಾರು ಸುತ್ತಿನವು, ಒಂದೊಂದೂ ಅರ್ಧ ಮಿಲಿಮೀಟರಿಗಿಂತ ಚಿಕ್ಕವು, ತಮ್ಮಷ್ಟಕ್ಕೆ ತಿರುಗುತ್ತ ನಿಧಾನವಾಗಿ ಜಾರುತ್ತಿದ್ದವು. ಈ ಉದ್ದದ ಎಳೆಯ ರೂಪವೇ ಸ್ಪಿರುಲಿನಾದ ಭಾಗ್ಯ. ಒಂಟಿ ಕಣದ ಕ್ಲೋರೆಲ್ಲಾವನ್ನು ನೀರಿನಿಂದ ಬೇರ್ಪಡಿಸಲು ಸೆಂಟ್ರಿಫ್ಯೂಜ್ ಬೇಕು, ಇದಕ್ಕೆ ದಟ್ಟ ನೇಯ್ಗೆಯ ಬಟ್ಟೆ ಸಾಕು. ಸೋಸಿ ಹಿಂಡಿದ ಮುದ್ದೆಯನ್ನು ಎಳೆಯಾಗಿ ಒತ್ತಿ ಒಣಗಿಸುವುದು ವಾಡಿಕೆ. ಅಕ್ಕನ ಶ್ಯಾವಿಗೆ ಒರಳು ಹಸಿರಾದದ್ದು ಹಾಗೆ. ಆಕೆಯ ಮುನಿಸಿನ ಅರ್ಧ ಪಾಲು ಆ ಒರಳಿನದು.

ಉಳಿದರ್ಧ ಕರೆಂಟಿನ ಬಿಲ್ಲಿನದು. ಮೆತ್ತಿನ ಮೇಲೆ ಕುಳಿತು ನಾನೂ ಅಳಿಯನೂ ಲೆಕ್ಕ ಹಾಕಿದೆವು. ಒಂದು ಕಿಲೋ ಒಣ ಸ್ಪಿರುಲಿನಾದಲ್ಲಿ ಅಡಗಿರುವ ಶಕ್ತಿ ಸುಮಾರು 6 ಯೂನಿಟ್ಟಿಗೆ ಸಮ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಐದು ಪಾಲು ಪಾಚಿಯ ಮೈಯಾಗುತ್ತದೆ ಎಂದು ಉದಾರವಾಗಿ ಹಿಡಿದರೆ 120 ಯೂನಿಟ್ಟಿನಷ್ಟು ಬೆಳಕು ಬೇಕು. ಎಲ್ಇಡಿ ತಾನು ಕುಡಿದ ಕರೆಂಟಿನಲ್ಲಿ ಅರ್ಧವನ್ನು ಬೆಳಕು ಮಾಡುತ್ತದೆ ಎಂದುಕೊಂಡರೆ 240 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ 1680 ರೂಪಾಯಿ, ಅದೂ ಪಂಪಿನ ಖರ್ಚು ಬಿಟ್ಟು. ಬೆಳಗಾದರೆ ಅಂಗಳದಲ್ಲಿ ಪುಕ್ಕಟೆ ಸುರಿಯುವ ಬಿಸಿಲನ್ನು ಕರೆಂಟಾಗಿ ಕೊಂಡುಕೊಂಡು, ಅದನ್ನು ಮತ್ತೆ ಬೆಳಕು ಮಾಡಿ ಹಸಿರಿಗೆ ಉಣಿಸುವ ಈ ಸಂಸಾರ ಬೀಜ ಕಾಪಾಡಿಕೊಳ್ಳಲು ಸರಿ. ಬೇಸಾಯ ಎನಿಸಿಕೊಳ್ಳಲಾರದು. ಪ್ರಯೋಗಾಲಯದವರು ಒಳಗೆ ಬೆಳೆಸುವುದೂ ಇದಕ್ಕೇ, ಶುದ್ಧ ತಳಿ ಕೈತಪ್ಪದಿರಲಿ ಎಂದು.

ಹೊರಗಿನ ತೊಟ್ಟಿ ಇದ್ದದ್ದು ಅಡಿಕೆ ಒಣಗಿಸುವ ಪಾಲಿಹೌಸಿನೊಳಗೆ. ಈಗ ತೋಟ ಇರುವ ಬಹಳ ಮನೆಗಳಲ್ಲಿ ಇದು ಬಂದಿದೆ: ಕಬ್ಬಿಣದ ಕಮಾನು, ಅದರ ಮೇಲೆ ಬೆಳಕು ಹಾಯುವ ದಪ್ಪ ಹಾಳೆ, ಒಳಗೆ ಬಿಸಿಲು ಕಾದು ಅಡಿಕೆ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಅದು ಖಾಲಿ ಬಿದ್ದಿರುತ್ತದೆ. ಅಳಿಯ ಅಲ್ಲಿ ಇಟ್ಟಿಗೆ ಸಾಲು ಕಟ್ಟಿ, ಸಿಲ್ಪಾಲಿನ್ ಹಾಸಿ, ಒಂದು ಗೇಣು ನೀರು ನಿಲ್ಲಿಸಿದ್ದ. ಅದಕ್ಕಿಂತ ಆಳ ಬೇಡ, ಏಕೆಂದರೆ ಬೆಳೆ ದಟ್ಟವಾದಂತೆ ಮೇಲಿನವು ಕೆಳಗಿನವುಗಳಿಗೆ ನೆರಳಾಗುತ್ತವೆ. ದಟ್ಟಣೆ ಅಳೆಯಲು ಅವನು ಒಂದು ಹಿಡಿಕಡ್ಡಿಯ ತುದಿಗೆ ಬಾಟಲಿಯ ಬಿಳಿ ಮುಚ್ಚಳ ಸಿಕ್ಕಿಸಿಕೊಂಡಿದ್ದ. ಮುಚ್ಚಳವನ್ನು ನೀರಿಗಿಳಿಸುತ್ತ ಹೋಗಿ ಅದು ಎಲ್ಲಿ ಕಣ್ಮರೆಯಾಯಿತೋ ಅಲ್ಲಿ ಕಡ್ಡಿಗೆ ಉಗುರು ಒತ್ತುವುದು. ಎರಡು ಮೂರು ಸೆಂಟಿಮೀಟರಿನಲ್ಲೇ ಮಾಯವಾದರೆ ಕೊಯ್ಲಿಗೆ ಬಂದಿದೆ ಎಂದು ಅರ್ಥ. ಆ ದಿನ ಮುಚ್ಚಳ ನಾಲ್ಕು ಬೆರಳು ಇಳಿದರೂ ಕಾಣುತ್ತಲೇ ಇತ್ತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಸ್ಪಿರುಲಿನಾ ಚೆನ್ನಾಗಿ ಬೆಳೆಯುವುದು 30ರಿಂದ 35 ಡಿಗ್ರಿಯಲ್ಲಿ. 20ಕ್ಕಿಂತ ಕೆಳಗೆ ಬೆಳವಣಿಗೆ ನಿಂತೇ ಹೋಗುತ್ತದೆ ಎನ್ನಬಹುದು. ಇಲ್ಲಿ ಶ್ರಾವಣದಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ, ಪುಷ್ಯದ ರಾತ್ರಿಗಳಲ್ಲಿ ಚಳಿ ನಡುಗಿಸುತ್ತದೆ. ಶಿರಸಿಯ ಸುತ್ತ ವರ್ಷಕ್ಕೆ ಬೀಳುವ ಮಳೆ 2500 ಮಿಲಿಮೀಟರಿನ ಆಸುಪಾಸು. ಮಾಡು ಇಲ್ಲದ ತೊಟ್ಟಿಯಾದರೆ ಗೇಣಾಳದ ನೀರು ಹತ್ತಾರು ಸಲ ತುಂಬಿ ಹರಿದು, ಸೋಡಾ ತೊಳೆದುಹೋಗಿ, ಪಿಎಚ್ ಇಳಿದು, ಊರಿನ ಪಾಚಿಯೆಲ್ಲ ಬಂದು ಬೀಡುಬಿಡುತ್ತಿತ್ತು. ಮಾಡು ಹಾಕಿದರೆ ಇದ್ದ ಮೋಡದ ಬೆಳಕಿಗೂ ಕತ್ತರಿ. ಒಳಗೆ ಬೆಳಕಿಗೆ ದುಡ್ಡು, ಹೊರಗೆ ಮಳೆಗೆ ದಂಡ.

ಜೊತೆಗೆ ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ನಮ್ಮ ತೋಟಗಳಿಗೆ ಕಲಿಸಿದ್ದು ಲೆಸ್ಲಿ ಕೋಲ್ಮನ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಆ ಕೆನಡಾದ ವಿಜ್ಞಾನಿ 1910ರಲ್ಲಿ ಕೊಳೆರೋಗದ ಮೇಲೆ ಬರೆದ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನೂರು ವರ್ಷ ದಾಟಿದರೂ ಮರ ಹತ್ತುವ ಕೊನೆಗೌಡನ ಡ್ರಮ್ಮಿನಲ್ಲಿ ಕಲಸುವುದು ಅದನ್ನೇ. ಮೈಲುತುತ್ತದಲ್ಲಿರುವ ತಾಮ್ರ ಪಾಚಿಯ ಕಡುವೈರಿ. ಲೀಟರಿಗೆ ಒಂದು ಮಿಲಿಗ್ರಾಂನಷ್ಟು ಸೇರಿದರೂ ಎಷ್ಟೋ ಜಾತಿಯ ಪಾಚಿಗಳು ಉಳಿಯುವುದಿಲ್ಲ. ಆಷಾಢದಲ್ಲಿ ತೋಟಕ್ಕೆ ಔಷಧಿ ಹೊಡೆಯುವಾಗ ಗಾಳಿ ಇತ್ತ ತಿರುಗಿತೆಂದರೆ ಅಳಿಯ ಪಾಲಿಹೌಸಿನ ಬಾಯಿಗೆ ತಾಡಪಾಲು ಕಟ್ಟಲು ಓಡುತ್ತಿದ್ದನಂತೆ.

ಇದನ್ನೆಲ್ಲ ಗೆದ್ದರೂ ಭಾವನ ಮಾತನ್ನು ಗೆಲ್ಲುವಂತಿಲ್ಲ. ಕವಳ ಹಾಕಿಕೊಂಡು ಕುಳಿತಿದ್ದ ಭಾವ ಹೇಳಿದ್ದು ಇಷ್ಟೇ: "ಇದ್ಕೂ ಬಿಸ್ಲು ಬೇಕಡ, ಅಡಕೆಗೂ ಬಿಸ್ಲು ಬೇಕು. ನಮ್ಮನೇಲಿ ಬಿಸ್ಲು ಇಪ್ದು ಒಂದೇ ಕಡೆ." ಸುತ್ತ ತೋಟ, ಮೇಲೆ ಬೆಟ್ಟ, ನಡುವೆ ಅಂಗಳದಷ್ಟು ಆಕಾಶ. ಸ್ಪಿರುಲಿನಾಕ್ಕೆ ಒಳ್ಳೆಯ ಬಿಸಿಲು ಸಿಗುವುದು ನವೆಂಬರಿನ ನಂತರ, ಅಡಿಕೆ ಸುಲಿದು ಬೇಯಿಸಿ ಹರವುವುದೂ ಆಗಲೇ. ವರ್ಷದ ಅನ್ನ ಕೊಡುವ ಬೆಳೆಯನ್ನು ಪಕ್ಕಕ್ಕೆ ಸರಿಸಿ ಪಾಚಿಗೆ ಪಾಲಿಹೌಸು ಬಿಟ್ಟುಕೊಡುವ ಯಜಮಾನ ಈ ಸೀಮೆಯಲ್ಲಿ ಹುಟ್ಟಿಲ್ಲ.

"ಮೈಸೂರಲ್ಲಿ ಆದ್ದು ಇಲ್ಲಿ ಎಂತಕ್ಕೆ ಆಗ್ತಿಲ್ಲೆ ಮಾವ?" ಎಂದು ಅಳಿಯ ಕೇಳಿದ. ಮೈಸೂರಿನ ಕತೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1970ರ ದಶಕದಲ್ಲಿ ಜರ್ಮನಿಯ ಸಹಯೋಗದೊಂದಿಗೆ ಪಾಚಿ ಯೋಜನೆ ಶುರುವಾಯಿತು. ಎಲ್. ವಿ. ವೆಂಕಟರಾಮನ್ ಮತ್ತು ಜರ್ಮನಿಯ ಬೆಕರ್ ಸೇರಿ ಭಾರತದ ಈ ಅನುಭವವನ್ನು 1985ರಲ್ಲಿ ಪುಸ್ತಕವಾಗಿ ತಂದರು. ಅವರು ಮೊದಲು ಹಿಡಿದದ್ದು ಸೀನೆಡೆಸ್ಮಸ್ ಎಂಬ ಹಸಿರು ಪಾಚಿಯನ್ನು. ಅದರ ಕಣದ ಗೋಡೆ ಗಟ್ಟಿ, ಕಾದ ಉರುಳೆಯ ಮೇಲೆ ಹಾಯಿಸಿ ಒಡೆದು ಒಣಗಿಸದಿದ್ದರೆ ಹೊಟ್ಟೆಗೆ ದಕ್ಕುವುದಿಲ್ಲ. ಸ್ಪಿರುಲಿನಾದ ಗೋಡೆ ತೆಳು, ಬಿಸಿಲಲ್ಲಿ ಒಣಗಿಸಿದರೂ ಜೀರ್ಣವಾಗುತ್ತದೆ. ಹಳ್ಳಿಗೆ ಒಗ್ಗುವುದು ಇದೇ ಎಂದು ಅತ್ತ ಹೊರಳಿದರು. ಆ ತಿಳಿವಳಿಕೆಯ ಬೆನ್ನಿಗೆ ನಂಜನಗೂಡಿನಲ್ಲಿ ವ್ಯಾಪಾರದ ಹೊಂಡಗಳೂ ಬಂದವು. ಆದರೆ ಮೈಸೂರಿನ ಮಳೆ ವರ್ಷಕ್ಕೆ 800 ಮಿಲಿಮೀಟರಿನ ಆಜುಬಾಜು, ನಮ್ಮಲ್ಲಿ ಜುಲೈ ಒಂದೇ ತಿಂಗಳಿಗೆ ಅಷ್ಟು ಸುರಿಯುವುದುಂಟು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಊನೈಯೂರಿನಲ್ಲಿ ಪ್ಯಾರಿ ಕಂಪನಿಯ ದೊಡ್ಡ ಸ್ಪಿರುಲಿನಾ ಹೊಂಡಗಳಿವೆ. ಅದೂ ಬಿಸಿಲ ಸೀಮೆಯೇ.

ಅಳಿಯ ಮೊಬೈಲಿನಲ್ಲಿ ಜರ್ಮನಿಯ ಕ್ಲೋಟ್ಸೆ ಎಂಬ ಊರಿನ ಚಿತ್ರ ತೋರಿಸಿದ. ಗಾಜಿನ ಮನೆಯೊಳಗೆ ಬೇಲಿಯ ಹಾಗೆ ನಿಲ್ಲಿಸಿದ ಗಾಜಿನ ಕೊಳವೆಗಳು, ಒಟ್ಟು 500 ಕಿಲೋಮೀಟರ್ ಉದ್ದ, ಅವುಗಳಲ್ಲಿ ಹರಿಯುವ ಕ್ಲೋರೆಲ್ಲಾದ ಹಸಿರು. ಹೊರಗಿನ ಧೂಳು ಹುಳು ಒಳಗೆ ಬರುವುದಿಲ್ಲ, ಬಿಸಿಲು ಮಾತ್ರ ಬರುತ್ತದೆ. ಒಳಗು-ಹೊರಗುಗಳ ಜಗಳಕ್ಕೆ ಅದೊಂದು ರಾಜಿ. ನೋಡಲು ಬಹಳ ಚೆಂದ. ಆದರೆ ಗಾಜಿನ ಬೆಲೆ, ತೊಳೆಯುವ ರಗಳೆ ನೆನೆದರೆ ದುಬಾರಿ ಮಾತ್ರೆ-ಪುಡಿ ಮಾರುವವರಿಗಷ್ಟೇ ಅದು ಕಟ್ಟುತ್ತದೆ ಅನಿಸಿತು.

ನನ್ನ ಮನಸ್ಸಿಗೆ ಬಂದದ್ದು ಇನ್ನೊಂದು ಕತೆ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಪಾಚಿಯಿಂದ ಡೀಸೆಲ್ ತೆಗೆಯುವ ದೊಡ್ಡ ಕಾರ್ಯಕ್ರಮ ನಡೆಸಿತು. ಸಾವಿರಾರು ತಳಿ ಕಲೆಹಾಕಿ, ಎಣ್ಣೆ ಹೆಚ್ಚಿರುವವನ್ನು ಆರಿಸಿ ನ್ಯೂ ಮೆಕ್ಸಿಕೋದ ಬಯಲು ಹೊಂಡಗಳಿಗೆ ಬಿಟ್ಟರು. ರಾತ್ರಿಯ ಚಳಿ ಕಾಡಿತು. ಅದಕ್ಕಿಂತ ಹೆಚ್ಚಾಗಿ, ಪ್ರಯೋಗಾಲಯದ ಮುದ್ದಿನ ತಳಿಗಳು ಹೊಂಡದಲ್ಲಿ ಬಹಳ ದಿನ ನಿಲ್ಲಲಿಲ್ಲ. ಗಾಳಿಯಲ್ಲಿ ಬಂದ ಆ ನೆಲದ ಪಾಚಿಗಳು ಅವುಗಳನ್ನು ಮೂಲೆಗೊತ್ತಿದವು. ಹೊರಗೆ ಬೆಳೆಸುವುದಾದರೆ ಆ ಜಾಗದಲ್ಲಿ ತಾನಾಗಿ ಮೇಲುಗೈ ಪಡೆಯುವ ಪಾಚಿಯನ್ನೇ ಬೆಳೆಸಿ ಎನ್ನುವ ಸಲಹೆಯೂ ಅವರ ಕೊನೆಯ ವರದಿಯಲ್ಲಿದೆ. ಇಷ್ಟು ತಿಳಿಯಲು ಅವರಿಗೆ ಹದಿನೆಂಟು ವರ್ಷ ಹಿಡಿಯಿತು.

ಹಾಗೆ ನೋಡಿದರೆ ಮೇಲುಗೈ ಪಡೆದದ್ದು ಅಕ್ಕನ ಕೊಟ್ಟಿಗೆಯ ಹಿಂದೆಯೇ ಇತ್ತು. ತೋಟದ ಅಂಚಿನ ನೆರಳಿನಲ್ಲಿ ಅದೇ ಸಿಲ್ಪಾಲಿನ್ ಹಾಸಿದ ಗುಂಡಿ, ತಳದಲ್ಲಿ ಜರಡಿ ಹಿಡಿದ ಮಣ್ಣು, ಒಂದಿಷ್ಟು ಸಗಣಿ ನೀರು, ಮೇಲೆ ಕಂಬಳಿ ಹೊದೆಸಿದಂತೆ ಅಜೋಲ್ಲಾ. ದಿನಾ ಬೆಳಿಗ್ಗೆ ಅಕ್ಕ ಜರಡಿಯಲ್ಲಿ ಬಾಚಿ, ಸಗಣಿ ವಾಸನೆ ಹೋಗುವಂತೆ ತೊಳೆದು, ಹಿಂಡಿಯ ಜೊತೆ ಆಕಳಿಗೆ ಕೊಡುತ್ತಾಳೆ. ಅಜೋಲ್ಲಾ ಪಾಚಿಯಲ್ಲ, ನೀರಿನ ಮೇಲೆ ತೇಲುವ ಜರಿಗಿಡ. ಆದರೆ ಅದರ ಒಂದೊಂದು ಎಲೆಯ ಪೊಟರೆಯಲ್ಲಿ ಅನಬೀನಾ ಎಂಬ ನೀಲಿಹಸಿರು ಪಾಚಿ ಬಾಡಿಗೆಗಿದೆ. ಬಾಡಿಗೆಯಾಗಿ ಅದು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಪ್ರಪಂಚದಲ್ಲಿ ಇದಕ್ಕಿಂತ ಚೊಕ್ಕವಾದ ಬಯೋರಿಯಾಕ್ಟರ್ ಇದೆಯೇ? ಕಡು ಬಿಸಿಲಿಗಿಂತ ಅರೆನೆರಳೇ ಇದಕ್ಕೆ ಹಿತ, ಕರೆಂಟು ಬೇಡ, ಪಿಎಚ್ ಪಟ್ಟಿ ಬೇಡ. ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರದವರು ಸಿಲ್ಪಾಲಿನ್ ಗುಂಡಿಯ ಈ ವಿಧಾನವನ್ನು ಪ್ರಚಾರಕ್ಕೆ ತಂದ ಮೇಲೆ ಇದು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಬುಟ್ಟಿಯಲ್ಲೇ ಪ್ರಯಾಣ ಮಾಡಿತು. ಸುಮಾರು 4.9 ಕೋಟಿ ವರ್ಷಗಳ ಹಿಂದೆ ಆರ್ಕ್‌ಟಿಕ್ ಸಾಗರದ ಮೇಲೂ ಅಜೋಲ್ಲಾ ಹಬ್ಬಿತ್ತು ಎಂಬುದನ್ನು 2004ರಲ್ಲಿ ಸಾಗರತಳ ಕೊರೆದ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಗಾಳಿಯ ಇಂಗಾಲವನ್ನು ಹೀರಿ ತಳಕ್ಕಿಳಿಸಿ ಭೂಮಿ ತಂಪಾಗಲು ಅದೂ ನೆರವಾಗಿರಬಹುದು ಎಂದು ಅವರ ಊಹೆ. ಅಕ್ಕನಿಗೆ ಇದನ್ನು ಹೇಳಿದೆ. "ಹೌದನಾ? ಸಗಣಿ ಯಾರು ಹಾಕ್ತಿದ್ವ ಹಂಗರೆ?" ಎಂದಳು.

ರಾತ್ರಿ ಊಟಕ್ಕೆ ಅಪ್ಪೆಹುಳಿ, ಒಂದೆಲಗದ ತಂಬುಳಿ. ಸ್ಪಿರುಲಿನಾ ತಿಂದರೆ ಬಿ12 ಬರುತ್ತದಡ, ನಂಗಕ್ಕೆ ಒಳ್ಳೆಯದಲ್ಲದನಾ ಎಂದು ಅಕ್ಕನೇ ಮಾತು ತೆಗೆದಳು. ಸಸ್ಯಾಹಾರಿಗಳ ಮನೆಗಳಲ್ಲಿ ಈ ನಂಬಿಕೆ ಬಲವಾಗಿದೆ. ಸ್ಪಿರುಲಿನಾದಲ್ಲಿ ನೂರಕ್ಕೆ 60 ಪಾಲಿಗೂ ಮಿಕ್ಕಿ ಪ್ರೋಟೀನು ಇರುವುದು ನಿಜ. ಆದರೆ ಅದರಲ್ಲಿರುವ ಬಿ12ರ ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ಸೋಗಿನ ರೂಪ. ಹಾಲು ಮಜ್ಜಿಗೆಯನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು, ಸಾಲದಿದ್ದರೆ ಡಾಕ್ಟರ ಮಾತ್ರೆ. ಅಳಿಯನ ಮುಖ ಸ್ವಲ್ಪ ಸಪ್ಪಗಾಯಿತು. ಮರುದಿನ ಕುಮಟೆಗೆ ಇಳಿದು ಅಘನಾಶಿನಿಯ ಅಳಿವೆಯ ಪಾಚಿ ನೋಡೋಣ ಎಂದೆ.

ಶಿರಸಿಯ ಶಂಕರಹೊಂಡದಿಂದ ಒಂದು ಕವಲು, ಮಂಜುಗುಣಿಯ ಕಡೆಯಿಂದ ಇನ್ನೊಂದು. ಎರಡೂ ಸೇರಿ ಅಘನಾಶಿನಿಯಾಗುತ್ತವೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಅಣೆಕಟ್ಟಿನ ಹಂಗಿಲ್ಲದೆ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ನದಿ. ನಾವು ಇಳಿದದ್ದು ದೇವಿಮನೆ ಘಟ್ಟದಲ್ಲಿ. ರಸ್ತೆಯ ಬಗ್ಗೆ ಬರೆಯದಿರುವುದೇ ವಾಸಿ. ಕಡಿದ ಗುಡ್ಡದ ಮೈ ಮಾತ್ರ ಗಮನ ಸೆಳೆಯಿತು. ಮೇಲೆ ಕೆಂಪು ಚಿರೆಕಲ್ಲು, ಕೆಳಗೆ ಬಿಳಿ-ಹಳದಿ ಜೇಡಿ, ಅದರಡಿಗೆ ಇನ್ನೂ ಕರಗದ ಕರಿಬಂಡೆ. ಲಕ್ಷಾಂತರ ವರ್ಷಗಳ ಮಳೆಯಲ್ಲಿ ಬಂಡೆಯೊಳಗಿನ ಸಿಲಿಕಾ ಕರಗಿ ಹೋಗಿ, ಕಬ್ಬಿಣ ಅಲ್ಯೂಮಿನಿಯಂಗಳು ಉಳಿದು ಗಟ್ಟಿಯಾದದ್ದೇ ಚಿರೆಕಲ್ಲು. ಹೋದ ಸಿಲಿಕಾ ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಉತ್ತರ ನದಿಯ ಕೊನೆಯಲ್ಲಿದೆ.

ಮಾಣಿಕಟ್ಟಾದ ಕಡೆಯ ಗಜನಿಗಳಲ್ಲಿ ಕಗ್ಗದ ಕೊಯ್ಲು ಮುಗಿಯುತ್ತ ಬಂದಿತ್ತು. ಗಜನಿ ಎಂದರೆ ಉಪ್ಪುನೀರು ನುಗ್ಗುವ ತಗ್ಗು ಭೂಮಿ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಎತ್ತಿ ಭರತದ ನೀರನ್ನು ಒಳಗೆ ಬಿಟ್ಟುಕೊಂಡು ಬೇಸಿಗೆ ಮುಗಿಯುವವರೆಗೆ ಸಿಗಡಿ, ಮೀನು. ಒಂದು ಗಜನಿಯಲ್ಲಿ ಆಗಲೇ ನೀರು ಹತ್ತಿ ಇಳಿದಿತ್ತು. ಕೂಳೆಗಳ ನಡುವಿನ ಕೆಸರಿನ ಮೇಲೆ ಬಿಸಿಲು ಬಿದ್ದಲ್ಲೆಲ್ಲ ಹೊಂಬಣ್ಣದ ತೆಳ್ಳನೆಯ ಪದರು. ಕಟ್ಟೆಯ ಮೇಲೆ ನಿಂತಿದ್ದ ಗಜನಿಯ ಒಡೆಯರು, "ಮಣ್ಣು ಬಂಗಾರದ ಬಣ್ಣಕ್ಕೆ ಬಂತಂದ್ರೆ ಸಿಗಡಿ ಚಲೋ ಬತ್ತದೆ ಹೇಳಿಯೇ ಲೆಕ್ಕ" ಎಂದರು.

ಅಳಿಯ ಉಗುರ ತುದಿಯಷ್ಟು ಪದರವನ್ನು ಕೆರೆದು ಫೋಲ್ಡ್‌ಸ್ಕೋಪಿನಲ್ಲಿಟ್ಟ. ಹೊಂಬಣ್ಣದ ಸಣ್ಣ ದೋಣಿಗಳು. ಎರಡೂ ತುದಿ ಚೂಪು, ಮೈಯಲ್ಲಿ ಎರಡು ಕಂದು ತಟ್ಟೆ, ಕೆಲವುಗಳಲ್ಲಿ ಹೊಳೆಯುವ ಎಣ್ಣೆಯ ಚುಕ್ಕಿ. ಹುಟ್ಟಿಲ್ಲ, ಬಾಲವಿಲ್ಲ, ಆದರೂ ಮುಂದಕ್ಕೆ ಜಾರಿ, ತಡವರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತಿದ್ದವು. ಇವು ಡಯಾಟಮುಗಳು. ಕರಗಿದ ಸಿಲಿಕಾವನ್ನು ನೀರಿನಿಂದ ಹೆಕ್ಕಿ ಗಾಜಿನ ಕರಡಿಗೆ ಕಟ್ಟಿಕೊಂಡು ಅದರೊಳಗೆ ಬಾಳುವ ಪಾಚಿ. ಜಗತ್ತಿನ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲು ಇವುಗಳದು ಎಂದು ಅಂದಾಜು. ನೀರು ಇಳಿದು ಬಿಸಿಲು ಬಿದ್ದಾಗ ಕೆಸರಿನ ಮೇಲಕ್ಕೆ ಬಂದು, ಭರತ ಬರುವ ಮುಂಚೆ ಮತ್ತೆ ಒಳಕ್ಕೆ ಇಳಿಯುತ್ತವೆ. ಇವುಗಳ ದೂರದ ದಾಯಾದಿ ಯಾರು ಗೊತ್ತೇ? ಕೊಳೆರೋಗದ ಫೈಟಾಫ್ತೊರಾ. ಶಿಲೀಂಧ್ರವೆಂದು ಕರೆಯುತ್ತ ಬಂದ ಆ ಜೀವಿ ಕುಲಮೂಲದಲ್ಲಿ ಡಯಾಟಮುಗಳ ಬಳಗಕ್ಕೇ ಸೇರಿದ್ದು. ಘಟ್ಟದ ಮೇಲೆ ಒಬ್ಬ ಬೆಳೆ ತಿನ್ನುತ್ತಾನೆ, ಘಟ್ಟದ ಕೆಳಗೆ ಇನ್ನೊಬ್ಬ ಸಿಗಡಿಗೆ ಉಣ್ಣಿಸುತ್ತಾನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಈ ಅಳಿವೆಯ ಡಯಾಟಮುಗಳನ್ನು ಇಂಧನದ ಆಸೆಯಿಂದ ಅಭ್ಯಾಸ ಮಾಡಿದ್ದಾರೆ. 2009ರಲ್ಲಿ ಅವರು ರಿಚರ್ಡ್ ಗಾರ್ಡನ್ ಜೊತೆ ಸೇರಿ ಪ್ರಕಟಿಸಿದ ಲೇಖನದ ಹೆಸರಿನಲ್ಲೇ ಡಯಾಟಮುಗಳನ್ನು ಕರೆಯುವ ಮಾತಿದೆ. ಆಕಳನ್ನು ಕೊಲ್ಲದೆ ಹಾಲು ಕರೆದುಕೊಳ್ಳುವಂತೆ ಪಾಚಿಯನ್ನು ಹಿಂಡಿ ಮುಗಿಸದೆ ಅದು ಎಣ್ಣೆಯನ್ನು ಹೊರಕ್ಕೆ ಬಿಡುವಂತೆ ಮಾಡಬಹುದೇ, ಹಾಗಾದರೆ ಡಯಾಟಮು ತುಂಬಿದ ಹಾಳೆಗಳನ್ನು ಸೋಲಾರ್ ಫಲಕದ ಹಾಗೆ ಬಿಸಿಲಿಗಿಡಬಹುದಲ್ಲ ಎನ್ನುವ ಕಲ್ಪನೆ. ಅಂಥ ಫಲಕ ಇನ್ನೂ ಅಂಗಡಿಗೆ ಬಂದಿಲ್ಲ. ಆದರೆ ಯೋಚನೆಯ ದಿಕ್ಕು ನನಗೆ ಹಿಡಿಸಿತು. ಹೊರಗಿನ ತಳಿ ತಂದು ಸಾಕುವ ಬದಲು ಈ ನೆಲದ್ದನ್ನೇ ನೋಡು ಎನ್ನುತ್ತದೆ ಅದು. ನ್ಯೂ ಮೆಕ್ಸಿಕೋದವರು ಕೊನೆಗೆ ಮುಟ್ಟಿದ ಜಾಗದಿಂದಲೇ ಹೊರಟಂತಾಯಿತು.

ಈ ಹೊಂಬಣ್ಣಕ್ಕೆ ನದಿಗೆ ಅಣೆಕಟ್ಟಿಲ್ಲದಿರುವುದೂ ಕಾರಣ. ನೀರು ತಡೆದು ನಿಲ್ಲಿಸಿದಲ್ಲಿ ಡಯಾಟಮುಗಳು ಜಲಾಶಯದಲ್ಲೇ ಬೆಳೆದು, ಸಿಲಿಕಾವನ್ನು ಹೀರಿ, ಸತ್ತು ತಳಸೇರುತ್ತವೆ. ಅಳಿವೆಗೆ ಬರುವ ಪಾಲು ಕಡಿಮೆಯಾಗುತ್ತದೆ. ಡ್ಯಾನ್ಯೂಬ್ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ಕಪ್ಪು ಸಮುದ್ರದಲ್ಲಿ ಇದನ್ನು ಗುರುತಿಸಿದ್ದಾರೆ. ನಮ್ಮ ಪಕ್ಕದ ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ಬಂತು. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರಿನಿಂದ ಹೊನ್ನಾವರದ ಅಳಿವೆಯ ಉಪ್ಪು ಕುಗ್ಗಿ, ಚಿಪ್ಪಿನ ಸಂಪತ್ತು ಕರಗಿತು. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರು ಇಂದಿಗೂ ಸಾಲಾಗಿ ಕಾಣಿಸುತ್ತಾರೆ. ಇದೇ ಅಳಿವೆಯ ದಡದ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ತರುವ ಪ್ರಸ್ತಾಪ ಬಂದಾಗ ಮೊದಲು ಎದ್ದು ನಿಂತ ಪ್ರಶ್ನೆಗಳಲ್ಲಿ ಇವರ ಹೊಟ್ಟೆಪಾಡಿನದೂ ಒಂದು. ವಿರೋಧ ಜೋರಾಗಿ ಅದು ನಿಂತಿತು. 2024ರ ಜನವರಿಯಲ್ಲಿ ಈ ಅಳಿವೆ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದೆ. ಸ್ಥಾವರದ ಹೊಗೆ ಕುಡಿಸಿ ಪಾಚಿ ಬೆಳೆಸಬಹುದು ಎನ್ನುವ ಯೋಜನೆಗಳನ್ನು ಓದುವಾಗಲೆಲ್ಲ ನನಗೆ ತದಡಿ ನೆನಪಾಗುತ್ತದೆ. ಇದ್ದ ಪಾಚಿಯನ್ನು ಕೊಂದು, ಹೊಸ ಪಾಚಿಗೆ ಹೊಗೆ ಕೊಡುವ ಉಪಕಾರ.

"ಇಲ್ಲಿ ಟ್ಯೂಬಿನ ಖರ್ಚಿಲ್ಲೆ, ಸೋಡಾ ಖರ್ಚಿಲ್ಲೆ," ಎಂದು ಅಳಿಯ ಬೆರಳು ಮಡಚುತ್ತ ಬಂದ. ಕೊಯ್ಲಿನ ಬೆರಳಿಗೆ ಬಂದು ನಿಂತ. ಡಯಾಟಮುಗಳು ಬಟ್ಟೆಗೆ ನಿಲ್ಲುವಷ್ಟು ದೊಡ್ಡವಲ್ಲ. ಕೋಟಿಗಟ್ಟಲೆ ಲೀಟರ್ ನೀರಿನಿಂದ ಅವುಗಳನ್ನು ಹಿಡಿಯುವ ಯಂತ್ರದ ಖರ್ಚಿನಲ್ಲೇ ಪಾಚಿ ಇಂಧನದ ಕಂಪನಿಗಳು ಸುಸ್ತಾದದ್ದು. ಇಲ್ಲಿ ಆ ಕೆಲಸವನ್ನು ಬಳಚು ಮಾಡುತ್ತದೆ; ನೀರನ್ನು ಒಳಗೆಳೆದುಕೊಂಡು, ಪಾಚಿ ಸೋಸಿಕೊಂಡು, ಬರೀ ನೀರನ್ನು ಹೊರಗೆ ಬಿಡುತ್ತ ದಿನವಿಡೀ ಕೂತಿರುತ್ತದೆ. ಹವ್ಯಕರಾದ ನಾವಿಬ್ಬರೂ ಈ ಕೊಯ್ಲನ್ನು ಉಣ್ಣುವವರಲ್ಲ ಎನ್ನುವುದೊಂದೇ ತೊಡಕು. ಗಜನಿಯ ಒಡೆಯರು ಇದಕ್ಕೆ ಮನಸಾರೆ ನಕ್ಕರು.

ಪಾಲಿಹೌಸನ್ನು ದೀಪಾವಳಿಯೊಳಗೆ ಅಡಿಕೆಗೆ ತೆರವು ಮಾಡುವುದು, ಸ್ಪಿರುಲಿನಾದ ಬೀಜಕ್ಕೆ ಮೆತ್ತಿನ ಮೇಲೆ ಒಂದು ಕ್ಯಾನು ಮಾತ್ರ ಉಳಿಸಿಕೊಳ್ಳುವುದು ಎಂದು ಅಳಿಯ ಕಟ್ಟೆಯ ಮೇಲೆ ನಿಂತೇ ತೀರ್ಮಾನಿಸಿದ. ಆಮೇಲೆ ಒಡೆಯರ ಹತ್ತಿರ, ಬೇಸಿಗೆಯಲ್ಲಿ ಈ ಕಟ್ಟೆಯ ಪಕ್ಕ ಗಜನಿಯ ನೀರೇ ತುಂಬಿದ ಆಳವಿಲ್ಲದ ನಾಲ್ಕು ಟ್ರೇ ಇಟ್ಟುಕೊಳ್ಳಲೇ, ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗುತ್ತೇನೆ ಎಂದು ಕೇಳಿದ. ಅವರು ಟ್ರೇ ಎಷ್ಟು ದೊಡ್ಡದು, ಅದಕ್ಕೆ ಹೊರಗಿನಿಂದ ಏನಾದರೂ ಬೆರೆಸುವುದುಂಟೋ ಎಂದೆಲ್ಲ ವಿಚಾರಿಸಿದರು. ಬೆರೆಸುವುದಿಲ್ಲ ಎಂದ ಮೇಲೆ ಒಪ್ಪಿದರು. ಸಿಗಡಿಗೆ ಏನೂ ಆಗಬಾರದು, ಟ್ರೇಯ ನೀರನ್ನು ಗಜನಿಗೆ ಚೆಲ್ಲಬಾರದು, ಮೊದಲ ಮಳೆಗೆ ಮುಂಚೆ ಎಲ್ಲ ಎತ್ತಿಕೊಂಡು ಹೋಗಬೇಕು, ಕಗ್ಗ ಬಿತ್ತುವಾಗ ಕಟ್ಟೆ ಖಾಲಿ ಇರಬೇಕು.